ಯಾರ ಮಗ್ಗ ಎಂದು ಕೇಳಿದ ತಪ್ಪು

ಬೇರೆಯವರ ತಪ್ಪು ಹಿಡಿಯುವುದರಲ್ಲಿ ನನಗೆ ಮೊದಲಿನಿಂದಲೂ ಖುಷಿ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ಎನ್ನುತ್ತಾರಲ್ಲ, ಹಾಗೆ. ಗಂಡನೂ ಇದನ್ನು ಒಪ್ಪುತ್ತಾನೆ, ಸ್ವಲ್ಪ ಜೋರಾಗಿಯೇ ಒಪ್ಪುತ್ತಾನೆ. ಹಾಗಾಗಿ ಮೊಳಕಾಲ್ಮೂರಿನ ನೇಕಾರರ ಸೊಸೈಟಿಯ ಕಾರ್ಯದರ್ಶಿಗಳು, ‘ದೊಡ್ಡ ಕಂಪನಿಯ ಕೆಲಸವಮ್ಮ, ಮನೆಮನೆಗೆ ಹೋಗಿ ಸೀರೆಯ ವಿವರ ಮೊಬೈಲಿಗೆ ತುಂಬಬೇಕು, ಒಂದಕ್ಷರ ತಪ್ಪಬಾರದು’ ಎಂದು ಫೋನು ಮಾಡಿದಾಗ ನಾನು ಯೋಚನೆ ಮಾಡಲೇ ಇಲ್ಲ. ಮೊಳಕಾಲ್ಮೂರು ನನ್ನ ತವರು. ಸಂಸಾರ ಚಳ್ಳಕೆರೆಯಲ್ಲಿ. ಬೆಳಿಗ್ಗೆ ಡಬ್ಬಿ ಕಟ್ಟಿಕೊಂಡು ಬಸ್ಸು ಹತ್ತಿದರೆ ಶೇಂಗಾ ಎಣ್ಣೆಯ ವಾಸನೆ ಊರಾಚೆಯವರೆಗೂ ಜೊತೆಗೆ ಬರುತ್ತಿತ್ತು, ಆಮೇಲೆ ಬರೀ ಬಿಸಿಲು.

ಕಂಪನಿಯ ಕಡೆಯಿಂದ ಬೆಂಗಳೂರಿನ ಒಬ್ಬ ಇಂಜಿನಿಯರ್ ಹುಡುಗಿ ಬಂದಿದ್ದಳು. ಸೊಸೈಟಿಯ ಹಜಾರದಲ್ಲಿ ಚಾಪೆ ಹಾಸಿ ಎಲ್ಲರನ್ನೂ ಕೂರಿಸಿ ಬ್ಲಾಕ್‌ಚೈನ್ ಎಂದರೇನು ಎಂದು ಹೇಳತೊಡಗಿದಳು. ಪವರ್‌ಲೂಮಿನ ಸೀರೆಗೆ ಮೊಳಕಾಲ್ಮೂರಿನ ಹೆಸರು ಹಚ್ಚಿ ಮಾರುವವರು ಎಲ್ಲ ಕಡೆ ಇದ್ದಾರೆ; ಅದನ್ನು ತಡೆಯುವುದು ಉದ್ದೇಶ. ಹಿಂದಿನ ಸಾಲಿನಿಂದ ಒಬ್ಬರು, ‘ಇದು ಆ ಬಿಟ್‌ಕಾಯಿನ್ ದಂಧೆ ಅಲ್ವೇನಮ್ಮ? ನಮ್ಮ ಅಳಿಯ ಅದ್ರಾಗೆ ಕೈ ಸುಟ್ಕೊಂಡವ್ನೆ’ ಎಂದರು. ಆಕೆ ನಕ್ಕು, ಕಾಯಿನ್ನಿಗೂ ಇದಕ್ಕೂ ಸಂಬಂಧವಿಲ್ಲ ಎಂದಳು. ಅಲ್ಲಿ ಯಾರು ಬೇಕಾದರೂ ಒಳಗೆ ಬರಬಹುದಂತೆ. ಕಂಪನಿಗಳಿಗಾಗಿ ಮಾಡಿರುವ ಇದರಲ್ಲಿ ಒಪ್ಪಿಗೆ ಪಡೆದವರು ಮಾತ್ರ ಬರೆಯಬಹುದು. ರೇಷ್ಮೆ ಕೊಟ್ಟವರು, ಬಣ್ಣ ಹಾಕಿದವರು, ನೇಯ್ದವರು, ಮಾರುವವರು, ಎಲ್ಲರ ಹತ್ತಿರವೂ ಅದೇ ದಾಖಲೆಯ ಒಂದೊಂದು ಪ್ರತಿ. ಸೀರೆಯ ಲೇಬಲ್ಲಿಗೆ ಮೊಬೈಲು ಹಿಡಿದರೆ ಕೊಂಡವರಿಗೂ ಅದು ಕಾಣುತ್ತದಂತೆ. ಒಬ್ಬರೇ ಕೂತು ತಿದ್ದಲು ಆಗುವುದಿಲ್ಲ, ಅಳಿಸಲಂತೂ ಯಾರಿಂದಲೂ ಆಗುವುದಿಲ್ಲ. ದೊಡ್ಡ ಬ್ಯಾಂಕುಗಳಿಗೆ, ಹಡಗಿನವರಿಗೆ ಮಾಡಿಕೊಟ್ಟಿದ್ದನ್ನೇ ಈಗ ಸಣ್ಣದಾಗಿ ನಮ್ಮ ಓಣಿಯಲ್ಲಿ ಮಾಡಿ ನೋಡುತ್ತಾರಂತೆ. ಕಂಪನಿಯ ರೀತಿಯೇ ಹಾಗೆ, ಮೊದಲು ಸಂಬಂಧಪಟ್ಟವರನ್ನೆಲ್ಲ ಒಟ್ಟಿಗೆ ಕೂರಿಸುತ್ತೇವೆ, ಯಂತ್ರ ಆಮೇಲೆ, ಎಂದಳು.

ಕೂರಿಸುವುದೇನೋ ಕೂರಿಸಿದ್ದಳು. ಗಂಡಸರು ಚಾಪೆಯ ಮೇಲೆ ಕೂತಿದ್ದರು. ಹೆಂಗಸರು ಮನೆಯಲ್ಲಿ ಮಗ್ಗದ ಮೇಲೆ ಇದ್ದರು. ಅವತ್ತು ಇದು ನನ್ನ ಕಣ್ಣಿಗೆ ಬೀಳಲಿಲ್ಲ.

ಮುಂದಿನ ಸಾಲಿನಲ್ಲಿದ್ದ ನಮ್ಮಪ್ಪ ಬಲಗೈಯನ್ನು ಟವೆಲ್ಲಿನ ಒಳಗೆ ಇಟ್ಟುಕೊಂಡೇ ಕೇಳಿದ. ‘ತಪ್ಪು ಬರೆದ್ರೆ ಏನಮ್ಮ ಗತಿ?’

‘ಅದರ ಕೆಳಗೆ ಸರಿಯಾದದ್ದನ್ನ ಬರೀಬಹುದು ಸರ್. ಯಾಕೆ ಬದಲಾಯ್ತು ಅಂತ ಕಾರಣ ಬರೀಬೇಕು, ಎಲ್ಲರೂ ಒಪ್ಪಬೇಕು. ಮೊದಲಿನ ಸಾಲು ಮಾತ್ರ ಹಾಗೇ ಇರುತ್ತೆ.’

‘ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು ಅನ್ನು’ ಎಂದ ಅಪ್ಪ. ಎಲ್ಲರೂ ನಕ್ಕರು.

ಆ ಟವೆಲ್ಲಿನ ವಿಷಯ ಇಲ್ಲೇ ಹೇಳಿಬಿಡಬೇಕು. ಎರಡು ವರ್ಷದಿಂದ ಅಪ್ಪನ ಬಲಗೈ ನಡುಗುತ್ತದೆ. ಚಹಾದ ಲೋಟ ಹಿಡಿದರೆ ಅರ್ಧ ನೆಲಕ್ಕೆ. ಲಾಳಿ ಎಸೆಯುವ ಮಾತಂತೂ ಇಲ್ಲ. ನಮ್ಮ ಕಡೆಯ ಕುಟ್ಟು ಸೀರೆಗೆ ಮೂರು ಲಾಳಿ, ಒಡಲಿಗೊಂದು, ಎರಡು ಅಂಚಿಗೆ ಎರಡು. ಒಡಲಿನ ಬಣ್ಣ, ಅಂಚಿನ ಬಣ್ಣ ಸೇರುವ ಕಡೆ ಎಳೆಗೆ ಎಳೆ ಕೊಂಡಿ ಹಾಕಬೇಕು. ಮೊದಲು ಅಪ್ಪ ನೇಯುತ್ತಿದ್ದ, ಅವ್ವ ಪಕ್ಕದಲ್ಲಿ ಕೂತು ಅಂಚಿನ ಲಾಳಿ ಕೊಡುತ್ತಿದ್ದಳು. ಈಗ ಅವ್ವನೇ ಮಗ್ಗದ ಕುಣಿಗೆ ಇಳಿದು ಮೂರೂ ಲಾಳಿ ನೋಡಿಕೊಳ್ಳುತ್ತಾಳೆ. ಅಪ್ಪ ಬೆಳಗಾದರೆ ಒಳಗೆ ಹೋಗಿ ಅವಳ ಪಕ್ಕ ಕೂರುತ್ತಾನೆ, ಸಂಜೆ ಹೊರಗೆ ಬಂದು ಬಾಗಿಲಲ್ಲಿ ನಿಲ್ಲುತ್ತಾನೆ. ಓಣಿಗೆ ಮಗ್ಗದ ಸದ್ದು ಕೇಳುತ್ತದೆ, ಅಷ್ಟು ಸಾಕು. ನಲವತ್ತು ವರ್ಷ ‘ಕೈ ಅಂದ್ರೆ ಅವನದು’ ಎನ್ನಿಸಿಕೊಂಡ ಮನುಷ್ಯ. ನಾವೂ ಯಾರಿಗೂ ಹೇಳಿರಲಿಲ್ಲ.

ನಾನು ಮನೆಮನೆ ಸುತ್ತಿದೆ. ನೇಕಾರರ ಮನೆಗೆ ಯಾರೇ ಹೋದರೂ ಮೊದಲು ಕೇಳುವುದು ‘ಯಾರ ಮಗ್ಗ?’ ಎಂದು. ನಮ್ಮಜ್ಜಿಯ ಕಾಲದಿಂದಲೂ ಅದೇ. ನಾನೂ ಅದನ್ನೇ ಕೇಳಿದೆ. ಒಳಗಿನಿಂದ ಲಾಳಿ ಕೈಯಲ್ಲಿ ಹಿಡಿದೇ ಹೆಂಗಸರು, ‘ನಮ್ಮ ಯಜಮಾನ್ರದು’ ಎನ್ನುತ್ತಿದ್ದರು. ನೇಯ್ದವರು ಎಂಬ ಕಾಲಂನಲ್ಲಿ ನಾನು ಯಜಮಾನರ ಹೆಸರು ಒತ್ತುತ್ತಿದ್ದೆ. ಗಂಡನ ಹೆಸರನ್ನು ಅವರು ಬಾಯಿಬಿಟ್ಟು ಹೇಳುವವರಲ್ಲ, ಹಾಗಾಗಿ ಸೊಸೈಟಿಯ ಪಟ್ಟಿ ನೋಡಿ ನಾನೇ ತುಂಬುತ್ತಿದ್ದೆ. ನನ್ನ ತವರಿನಲ್ಲಿ ಅಷ್ಟೂ ಕೇಳಲಿಲ್ಲ. ಅಪ್ಪನನ್ನು ಇಸ್ತ್ರಿ ಅಂಗಿ ಹಾಕಿಸಿ ಮಗ್ಗದ ಪಕ್ಕ ನಿಲ್ಲಿಸಿ ಫೋಟೋ ಹೊಡೆದು, ಅವನಿಗೆ ತೋರಿಸದೆಯೇ ಎಲ್ಲ ತುಂಬಿ ಚಳ್ಳಕೆರೆಯ ಬಸ್ಸು ಹಿಡಿದೆ. ಅವ್ವ ಕುಣಿಯಲ್ಲೇ ಕೂತಿದ್ದಳು. ಫೋಟೋಗೆ ಅಡ್ಡ ಬರುತ್ತಾಳೆ ಎಂದು ಸ್ವಲ್ಪ ಬಗ್ಗಿಸಿದ್ದೆ ಕೂಡ. ದೀಪದ ಬುಡದಲ್ಲೇ ಕತ್ತಲೆ ಎನ್ನುವುದು ನನ್ನಂಥವರನ್ನು ನೋಡಿಯೇ ಇರಬೇಕು.

ಎರಡು ತಿಂಗಳ ಮೇಲೆ ಅಪ್ಪ ಕೈ ತೋರಿಸಲು ಡಾಕ್ಟರ ಹತ್ತಿರ ಹೋಗಬೇಕೆಂದು ಚಳ್ಳಕೆರೆಯ ನಮ್ಮ ಮನೆಗೆ ಬಂದಿದ್ದ. ಪಕ್ಕದ ಮನೆಯ ಎಣ್ಣೆ ಮಿಲ್ಲಿನವರ ಸೊಸೆ ಓಡಿ ಬಂದಳು. ಮದುವೆಗೆ ತಂದ ಸೀರೆ ಕೈಯಲ್ಲಿ, ಮೊಬೈಲು ಇನ್ನೊಂದು ಕೈಯಲ್ಲಿ.

‘ಅಕ್ಕಾ, ಲೇಬಲ್ಲಿಗೆ ಮೊಬೈಲ್ ಹಿಡಿದ್ರೆ ನಿಮ್ಮಪ್ಪಾರ ಫೋಟೋನೇ ಬಂತು ನೋಡ್ರಿ! ಏನ್ ಕೈ ಐತ್ರಿ ನಿಮ್ದು, ಯಜಮಾನ್ರೇ!’

ಸೀರೆಯನ್ನು ಅಪ್ಪನ ತೊಡೆಯ ಮೇಲೆ ಹರಡಿದಳು. ಅಪ್ಪ ಎಡಗೈಯ ಬೆರಳನ್ನು ಅಂಚು ಒಡಲು ಸೇರುವ ಗೆರೆಯ ಉದ್ದಕ್ಕೂ ಓಡಿಸಿದ. ಬಲಗೈ ಸೀರೆಯ ಅಡಿಯಲ್ಲಿತ್ತು, ರೇಷ್ಮೆ ಸಣ್ಣಗೆ ಅಲುಗುತ್ತಿತ್ತು. ಆ ಹುಡುಗಿಗೆ ಗೊತ್ತಾಗಲಿಲ್ಲ. ‘ಚೆನ್ನಾಗಿ ಉಟ್ಕಳಮ್ಮ, ಬಾಳ ವರ್ಷ ಬರ್ತೈತೆ’ ಎಂದಷ್ಟೇ ಹೇಳಿದ.

ಅವಳು ಹೋದ ಮೇಲೆ ಅಪ್ಪ ನನ್ನ ಮುಖ ನೋಡಲಿಲ್ಲ. ‘ಇದು ನಿಮ್ಮವ್ವನ ಕೈ. ಕೊಂಡಿ ನೋಡಿದ್ರೆ ಗೊತ್ತಾಗ್ತೈತೆ, ನಂಗಿಂತ ಬಿಗಿ. ನಾನು ಇಷ್ಟು ವರ್ಷ ಇನ್ನೊಬ್ಬರ ನೇಯ್ಗೇನ ನಂದು ಅಂದೋನಲ್ಲ. ನೀನು ಅನ್ನಿಸಿಬಿಟ್ಟೆ.’

‘ಪಟ್ಟೀಲಿ ನಿನ್ನ ಹೆಸ್ರೇ ಇತ್ತಲ್ಲಪ್ಪ...’ ಎಂದು ಶುರು ಮಾಡಿದೆ. ನನ್ನ ಮಾತು ನನಗೇ ಹಿಡಿಸಲಿಲ್ಲ.

‘ಓಣಿ ಕಣ್ಣಿಗೆ ಮುಚ್ಚಿಟ್ಟಿದ್ದು ನನ್ನ ಕೈನ. ಅವಳ ಕೈನ ಅಲ್ಲ. ಸರಿ ಮಾಡು.’

ನಕಲಿ ಸೀರೆ ಹಿಡಿಯಲೆಂದು ದೇಶದ ದೊಡ್ಡ ತಲೆಗಳೆಲ್ಲ ಸೇರಿ ಮಾಡಿದ ದಾಖಲೆ; ಅದರೊಳಗೆ ಒಂದು ಸುಳ್ಳನ್ನು ಅಳಿಸಲಾಗದ ಹಾಗೆ ಕೂರಿಸಿದ್ದು ನಾನು. ಇಂಜಿನಿಯರ್ ಹುಡುಗಿಗೆ ಫೋನು ಮಾಡಿದೆ. ಬೈಯುತ್ತಾಳೆಂದುಕೊಂಡಿದ್ದೆ, ಬೈಯಲಿಲ್ಲ. ಒಳಗೆ ಬರುವ ಮಾತು ನಿಜವೋ ಅಲ್ಲವೋ ಎನ್ನುವುದು ಯಂತ್ರಕ್ಕೆ ಗೊತ್ತಾಗುವುದಿಲ್ಲ ಮೇಡಂ, ಅದು ಬಂದದ್ದನ್ನು ಕಾಯುತ್ತದೆ ಅಷ್ಟೆ, ಎಂದಳು. ತಿದ್ದುಪಡಿಯ ಸಾಲು ಸೇರಿಸಲು ಸೊಸೈಟಿ, ಅಂಗಡಿ, ಕಂಪನಿ ಮೂವರೂ ಒಪ್ಪಬೇಕು. ಮೊದಲು ಸೊಸೈಟಿಯ ಮುಂದೆ ಕಾರಣ ಹೇಳಬೇಕು.

ಕಾರಣ ಎಂದರೆ ಅಪ್ಪನ ಕೈ. ಅದನ್ನು ಇಡೀ ಓಣಿಯ ಎದುರು ಹೇಳಬೇಕು, ಮತ್ತೆ ಅದು ಯಾವತ್ತೂ ಅಳಿಸಿ ಹೋಗುವುದಿಲ್ಲ. ತವರಿಗೆ ಹೋಗಿ ಇದನ್ನೆಲ್ಲ ಬಿಡಿಸಿ ಹೇಳಿದೆ. ಅವ್ವ ಸಿಟ್ಟು ಬಂದರೆ ತೆಲುಗಿಗೆ ಇಳಿಯುತ್ತಾಳೆ. ‘ಊರುಕೋ! ಸುಮ್ನಿರು ನೀನು. ಯಾರ ಹೆಸರಾದ್ರೇನು, ಮನೆ ಒಂದೇ ಅಲ್ವಾ? ಅವ್ರನ್ನ ನಾಕು ಜನದ ಮುಂದೆ ಯಾಕೆ ನಿಲ್ಲಿಸ್ತೀಯಾ?’ ಎಂದಳು. ಅಪ್ಪ ಅಷ್ಟರಲ್ಲಿ ಚಪ್ಪಲಿ ಮೆಟ್ಟಿದ್ದ. ಟವೆಲ್ಲು ಗೂಟದ ಮೇಲೇ ಇತ್ತು.

ನೂಲು ತೆಗೆದುಕೊಂಡು ಹೋಗುವ ದಿನವಾದ್ದರಿಂದ ಸೊಸೈಟಿಯ ಹಜಾರ ತುಂಬಿತ್ತು. ಕಾರ್ಯದರ್ಶಿಗಳು ಕುರ್ಚಿ ಕೊಟ್ಟರು. ಅಪ್ಪ ಕೂರಲಿಲ್ಲ. ಬಲಗೈಯನ್ನು ಮುಂದೆ ಚಾಚಿದ. ಅದು ನಡುಗಿತು, ಅವನು ನಡುಗಲು ಬಿಟ್ಟ.

‘ಎರಡು ವರ್ಷ ಆತು. ಲಾಳಿ ಹಿಡಿಯಾಕೆ ಆಗಲ್ಲ. ಆ ಸೀರೆ ನಾನು ನೇಯ್ದಿದ್ದಲ್ಲ.’

ಕಾರ್ಯದರ್ಶಿಗಳು ಮೆಲ್ಲಗೆ, ‘ಮನೇರು ನೇಯ್ದಿದ್ದು ಅಂತ ಬರ್ಕೋತೀವಿ ಬಿಡ್ರಿ’ ಎಂದರು.

‘ಮನೇರು ಅಂತ ಬರೆದ್ರೆ ಯಾರಿಗೆ ಗೊತ್ತಾಗ್ತೈತೆ?’ ಎಂದ ಅಪ್ಪ. ಆಮೇಲೆ ನನ್ನ ಕಡೆ ತಿರುಗಿ, ‘ಬರಿ’ ಎಂದು ಅವ್ವನ ಹೆಸರು ಹೇಳಿದ. ಪೂರ್ತಿ ಹೆಸರು, ತವರುಮನೆಯಲ್ಲಿ ಇಟ್ಟದ್ದು. ನನಗೆ ನಲವತ್ತು ವರ್ಷ. ಅಪ್ಪನ ಬಾಯಲ್ಲಿ ‘ಏನೇ’, ‘ಇವಳೇ’ ಬಿಟ್ಟರೆ ಬೇರೆ ಏನನ್ನೂ ಕೇಳಿದವಳಲ್ಲ. ಮೊಬೈಲಿನ ಅಕ್ಷರ ಕಣ್ಣಿಗೆ ಮಂಜಾಗಿ ಎರಡು ಸಲ ತಪ್ಪು ಒತ್ತಿದೆ, ಕಳಿಸುವ ಮೊದಲು ಮೂರು ಸಲ ಓದಿದೆ.

ಮೂಲೆಯಿಂದ ಒಬ್ಬ ಮುದುಕರು ಗಂಟಲು ಸರಿಮಾಡಿಕೊಂಡು, ‘ನಮ್ಮನೇದೂ ಒಂದೆರಡು ತಿದ್ದಾದೈತೆ ಕಣಮ್ಮ, ನಾಳೆ ಬಾ’ ಎಂದರು.

ನಾನು ಓಡಿದಂತೆಯೇ ಮನೆಗೆ ಹೋದೆ. ಅವ್ವ ಕುಣಿಯಲ್ಲಿದ್ದಳು. ಕೆಲಸ ಆಯಿತು, ಅಂಗಡಿಯವರೂ ಕಂಪನಿಯವರೂ ಒಪ್ಪಿದರೆ ಅಪ್ಪನ ಹೆಸರಿನ ಕೆಳಗೆ ನಿನ್ನ ಹೆಸರು ಬರುತ್ತದೆ, ಯಾರೂ ಅಳಿಸುವ ಹಾಗಿಲ್ಲ ಎಂದು ಒಂದೇ ಉಸಿರಿಗೆ ಹೇಳಿದೆ. ಅವಳು ತಲೆ ಎತ್ತಲಿಲ್ಲ. ಲಾಳಿ ಈ ಕಡೆಯಿಂದ ಆ ಕಡೆ ಹೋಯಿತು.

‘ಅಪ್ಪನೇ ನಿನ್ನ ಹೆಸ್ರು ಹೇಳ್ದ ಅವ್ವ, ಎಲ್ಲರ ಮುಂದೆ.’

ಮಗ್ಗ ನಿಂತಿತು. ಅವ್ವ ಸೆರಗಿನಿಂದ ಬಾಯಿ ಒರೆಸಿಕೊಂಡು ಬಾಗಿಲ ಕಡೆ ಒಮ್ಮೆ ನೋಡಿದಳು. ಅಪ್ಪ ಇನ್ನೂ ಬಂದಿರಲಿಲ್ಲ.

‘ಹೆಂಗಂದ್ರು?’ ಎಂದಳು.

ಅಪ್ಪ ಹೇಳಿದ ಹಾಗೆಯೇ ಹೇಳಿ ತೋರಿಸಿದೆ.

‘ಇನ್ನೊಂದ್ಸಲ ಹೇಳು’ ಎಂದಳು.