ಮುಂದಿನ ಸೀಟಿನವರೂ ಇಳಿಯಬೇಕು

ಮೊನ್ನೆ ಇಸ್ತ್ರಿ ಅಂಗಡಿಯ ಮುಂದೆ ಇದ್ದಿಲ ಹೊಗೆ ಮೂಗಿಗೆ ಬಡಿದದ್ದೇ ತಡ, ಕೊಪ್ಪ–ಶೃಂಗೇರಿ ಬಸ್ಸಿನ ಡ್ರೈವರಣ್ಣ ಕಣ್ಣ ಮುಂದೆ ಬಂದು ನಿಂತ. ಆಗ ಎರಡನೇ ಮಹಾಯುದ್ಧದ ಕಾಲ. ಪೆಟ್ರೋಲಿಗೆ ಬರ. ಬಸ್ಸಿನ ಹಿಂದೆ ಒಲೆಯಂಥದ್ದೊಂದು ಕಟ್ಟಿ, ಇದ್ದಿಲು ಉರಿಸಿ, ಆ ಗ್ಯಾಸಿನಲ್ಲೇ ಓಡಿಸುತ್ತಿದ್ದರು. ಏರು ಬಂದರೆ ಸಾಕು, ನಿಂತೇಬಿಡುತ್ತಿತ್ತು. ಹಿಂದಿನ ಸೀಟಿನವರು ಇಳಿದು ತಳ್ಳಬೇಕು, ಮುಂದಿನ ಸೀಟಿನ ದೊಡ್ಡವರು ಕೂತೇ ಇರಬೇಕು. ಅದು ರೂಢಿ. ಶೃಂಗೇರಿಯ ಶಾಲೆಗೆ ಹೊಸದಾಗಿ ಸೇರಿದ್ದ ನಾನೂ ಟೀಚರಮ್ಮನೆಂಬ ಜಂಬದಲ್ಲಿ ಮುಂದೆಯೇ ಕೂರುತ್ತಿದ್ದೆ!

ಡ್ರೈವರಣ್ಣ ಮುಂಬಯಿಯ ಬಟ್ಟೆ ಗಿರಣಿಯಲ್ಲಿ ದುಡಿದು, ಮುಷ್ಕರ ಮಾಡಿ, ಕೆಲಸ ಕಳೆದುಕೊಂಡು ಊರಿಗೆ ಬಂದವನು. ಇದ್ದಿಲು ಹೊತ್ತಿಕೊಳ್ಳುವವರೆಗೆ ನಮಗೆಲ್ಲ ಪಾಠ. ಒಮ್ಮೆ ಹಿಂದಿನ ಸೀಟಿನಲ್ಲಿ ದಿನಾ ಬರುವ ಅಜ್ಜಿಯನ್ನು ಹಿಡಿದ.

"ಈ ಗಾಡಿ ಓಡೋದು ಯಾರಿಂದ, ಹೇಳಿ ಅಜ್ಜಿ?"

"ಶಾರದಮ್ಮನಿಂದ, ಮತ್ಯಾರಿಂದ ಮಾರಾಯ?"

"ಕಾಡಲ್ಲಿ ಇದ್ದಿಲು ಸುಟ್ಟವ್ರಿಂದ, ಆಮೇಲೆ ತಳ್ಳೋ ನಿಮ್ಮಿಂದ! ಲೋಕ ಓಡೋದೂ ದುಡಿಯೋರಿಂದಲೇ. ಜರ್ಮನಿಯ ಒಬ್ಬ ಗಡ್ಡದವ ಇದನ್ನೇ ದಪ್ಪ ಪುಸ್ತಕದಲ್ಲಿ ಬರ್ದಿದಾನೆ."

"ಇಷ್ಟು ಹೇಳೋಕೆ ಅಷ್ಟು ದಪ್ಪ ಪುಸ್ತಕ ಬೇಕಿತ್ತಾ?" ಎಂದಳು ಅಜ್ಜಿ. ಬಸ್ಸೆಲ್ಲ ನಗು.

ಒಂದು ಸೋಮವಾರ ಹರಿಹರಪುರ ದಾಟಿ ಏರಿನಲ್ಲಿ ಬಸ್ಸು ನಿಂತಿತು. ಅಂದು ಹಿಂದೆ ಇದ್ದವರೆಲ್ಲ ಮುದುಕರೇ. ಅಜ್ಜಿಯೂ ತಳ್ಳಲು ಇಳಿದಿದ್ದಳು. ಡ್ರೈವರಣ್ಣ ಕೈಕಟ್ಟಿ ನಿಂತ.

"ಮುಂದಿನ ಸೀಟಿನವ್ರೂ ಇಳೀಬೇಕು. ಇಲ್ದಿದ್ರೆ ಗಾಡಿ ಹೊರಡಲ್ಲ."

ಮುಂದೆ ಕೂತಿದ್ದ ಜಮೀನ್ದಾರರು ಕೆಂಡವಾದರು. "ನಾಳೆಯಿಂದ ನಿಂಗೆ ಕೆಲ್ಸ ಇರಲ್ಲ, ತಿಳ್ಕ!"

"ಇವತ್ತು ಇದ್ಯಲ್ಲ ಒಡೇರೇ, ಇಳೀರಿ."

ನನಗೋ ನಾಚಿಕೆ. ಸೆರಗು ಸಿಕ್ಕಿಸಿಕೊಂಡು ಇಳಿದೆ. ಕೊನೆಗೆ ಅವರೂ ಇಳಿದರು, ತಳ್ಳಿದರು... ಬಸ್ಸು ಗುರ್ರೆಂದಾಗ ಎಲ್ಲರಿಗಿಂತ ಜೋರಾಗಿ ಕೂಗಿದ್ದು ಅವರೇ! ಆದರೂ ಬಸ್ಸಿನ ಮಾಲೀಕರಿಗೆ ಅವರ ದೂರು ಹೋಗಿಯೇ ಹೋಯಿತು.

ಮುಂದಿನ ಸೋಮವಾರ ಹೊಸ ಡ್ರೈವರ್. ಅಜ್ಜಿ ಕೊಪ್ಪದ ಪೇಟೆಯಲ್ಲೇ ಗಂಟು ಇಟ್ಟು ಕೂತಳು. "ನಮ್ಮವ ಬರ್ಲಿ." ನಾನೂ ಹತ್ತಲಿಲ್ಲ. ಒಬ್ಬರೂ ಹತ್ತಲಿಲ್ಲ. ಶಾಲೆ ತಪ್ಪಿ ನನ್ನ ಕೆಲಸ ಹೋದರೆ ಹೋಗಲಿ ಅನ್ನಿಸಿತು. ಆ ಧೈರ್ಯ ಎಲ್ಲಿಂದ ಬಂತೋ! ಮೂರು ದಿನ ಬಸ್ಸು ಖಾಲಿ ನಿಂತಿತು. ನಾಲ್ಕನೆಯ ದಿನ ಮಾಲೀಕರೇ ಅವನನ್ನು ಕರೆತಂದರು. ನಮ್ಮ ಖುಷಿ ಏನು ಹೇಳಲಿ... ಅಜ್ಜಿಯಂತೂ ಅವನ ಕೆನ್ನೆ ಹಿಂಡಿದಳು.

ಅವನು ಮಾತ್ರ ಪಾಠ ಬಿಡಲಿಲ್ಲ. "ನನಗೋಸ್ಕರ ನಿಂತಿದ್ರೆ ಅದು ತಪ್ಪು ಟೀಚರಮ್ಮ. ಯಾವ ಕೆಲಸಗಾರನಿಗಾದ್ರೂ ಹೀಗೇ ನಿಲ್ಬೇಕು."

"ಹಾಗೇ ನಿಂತಿದ್ದು," ಎಂದೆ ಗಂಭೀರವಾಗಿ.

ಸುಳ್ಳು. ಅವನಿಗೋಸ್ಕರವೇ ನಿಂತಿದ್ದೆ. ಆಮೇಲೆ ಎಷ್ಟೋ ಜನರಿಗಾಗಿ, ಮುಖ ನೋಡದವರಿಗಾಗಿಯೂ ನಿಂತಿದ್ದೇನೆ, ಅವನು ಹೇಳಿದ ಹಾಗೆಯೇ. ಈಗ ಅವನಿಲ್ಲ. ಆ ಮೊದಲ ಸಲದ ನಿಜವನ್ನು ಮಾತ್ರ ಅವನಿಗೆ ಕೊನೆಗೂ ಹೇಳಲೇ ಇಲ್ಲ.