ಮೈಕಣ್ಣನ ಕ್ರಿಯಾಪದ

ಯಾವ ಬಸ್ಸು ಎಲ್ಲಿಗೆ ಹೊರಟಿದೆ ಎಂದು ಬಸ್ ನಿಲ್ದಾಣದ ಧ್ವನಿವರ್ಧಕದಲ್ಲಿ ಕೂಗಿ ಹೇಳುವುದು ಅವನ ನೌಕರಿ. ಭಾನುವಾರ ಮಧ್ಯಾಹ್ನ ಊರಿನ ಸಣ್ಣ ರೇಡಿಯೊ ಕೇಂದ್ರದಲ್ಲಿ ಫುಟ್‌ಬಾಲ್ ಪಂದ್ಯದ ವೀಕ್ಷಕ ವಿವರಣೆ ಕೊಡುವುದು ಅವನ ಬದುಕು. ಎರಡಕ್ಕೂ ಮೈಕು ಬೇಕಾದ್ದರಿಂದ ಜನ ಅವನ ಹೆಸರನ್ನು ಮರೆತು ಮೈಕಣ್ಣ ಎಂದು ಕರೆಯುತ್ತಿದ್ದರು. ಸಿಟ್ಟು ಬಂದಾಗ ಹೆಂಡತಿಯೂ ಹಾಗೇ ಕರೆಯುತ್ತಿದ್ದಳು.

ಪಂದ್ಯ ನಡೆಯುವ ಮೈದಾನಕ್ಕೆ ಆಳು ಕಳಿಸುವ ಶಕ್ತಿ ಆ ಕೇಂದ್ರಕ್ಕಿರಲಿಲ್ಲ. ಸದ್ದು ಹೊರಹೋಗದಂತೆ ಗೋಡೆಗೆ ಮೆತ್ತೆ ಬಡಿದ ಒಂದು ಕೋಣೆ, ಎದುರಿಗೆ ಟಿವಿ, ಮೇಜಿನ ಮೇಲೆ ಮೈಕು, ಪಕ್ಕದಲ್ಲಿ ಒಂದು ಲೋಟ ನೀರು. ಗಾಜಿನ ಆಚೆ ಕೇಂದ್ರದ ಮುಖ್ಯಸ್ಥೆ. ಟಿವಿಯಲ್ಲಿ ಕಂಡದ್ದನ್ನು ಮೈಕಣ್ಣ ಹೇಳುತ್ತಿದ್ದ; ಟ್ಯಾಕ್ಸಿಯಲ್ಲಿ, ಅಂಗಡಿಯಲ್ಲಿ, ಅಡುಗೆಮನೆಯಲ್ಲಿ ಇದ್ದವರು ಕೇಳುತ್ತಿದ್ದರು. ಎಲ್ಲರಿಗಿಂತ ಕಿವಿಗೊಟ್ಟು ಕೇಳುತ್ತಿದ್ದವರು ಅವನ ಅತ್ತೆ. ಕಣ್ಣು ಮಂಜಾದ ಮೇಲೆ ಮಗಳ ಮನೆ ಸೇರಿದ ಆಕೆಗೆ ಅಳಿಯನ ಮಾತನ್ನು ಎದುರೆದುರು ಕೇಳುವುದಕ್ಕಿಂತ ರೇಡಿಯೊದಲ್ಲಿ ಕೇಳುವುದೇ ಇಷ್ಟ. ಅಲ್ಲಾದರೆ ಬೇಡವಾದಾಗ ಆರಿಸಬಹುದು ಎನ್ನುತ್ತಿದ್ದರು.

ಆ ವರ್ಷ ದೇಶದ ಗಂಡಸರ ತಂಡ ಅಂತರರಾಷ್ಟ್ರೀಯ ಪಂದ್ಯಾವಳಿಯ ಮೊದಲ ಸುತ್ತಿನಲ್ಲೇ ಗಂಟುಮೂಟೆ ಕಟ್ಟಿತು. ಹೆಂಗಸರ ತಂಡ ತನ್ನ ಪಂದ್ಯಾವಳಿಯಲ್ಲಿ ಸದ್ದಿಲ್ಲದೆ ಸೆಮಿಫೈನಲ್ ತಲುಪಿತು. ಮುಖ್ಯಸ್ಥೆ ಮೈಕಣ್ಣನನ್ನು ಕರೆದರು.

“ಭಾನುವಾರ ಇದನ್ನ ಹೇಳಿಬಿಡಿ.”

“ಹೆಂಗಸರ ಆಟಾನಾ ಮೇಡಂ? ನಿಧಾನ ಅಂತಾರಪ್ಪ. ಜನ ಕೇಳ್ತಾರಾ?”

“ನೀವು ನೋಡಿದ್ದೀರಾ?”

“ಒಂದೂ ಇಲ್ಲ.”

“ಜಾಹೀರಾತು ಕೊಡೋರೂ ಹೀಗೇ ಅಂತಾರೆ, ನೋಡದೇನೇ. ಅದಕ್ಕೇ ಈಗಲೇ ಹೇಳ್ತೀನಿ, ಆಮೇಲೆ ಮುಖ ಊದಿಸ್ಕೋಬೇಡಿ. ಮೊದಲರ್ಧ ನೋಡ್ತೀನಿ. ಕೇಳೋರಿಗೆ ಬೇಜಾರಾದ್ರೆ ಎರಡನೇ ಅರ್ಧಕ್ಕೆ ಹಳೇ ಹಾಡು ಹಾಕ್ತೀನಿ. ಹಾಡಿಗೇ ಜನ ಜಾಸ್ತಿ ಬಂದ್ರೆ ಇನ್ಮೇಲೆ ಭಾನುವಾರ ಹಾಡೇ.”

ಮೈಕಣ್ಣ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಭಾನುವಾರ ಹೋದರೆ ಉಳಿಯುವುದು ಬಸ್ಸುಗಳು ಮಾತ್ರ. ಬಸ್ಸು ಗೋಲು ಹೊಡೆಯುವುದಿಲ್ಲ.

ಮನೆಗೆ ಬಂದು ಅಭ್ಯಾಸಕ್ಕೆ ಕುಳಿತಾಗ ಇನ್ನೊಂದು ತೊಡಕು ಎದುರಾಯಿತು. ಗಂಡಸರ ಪಂದ್ಯದಲ್ಲಿ ಅವನು ಯೋಚಿಸದೆ ಹೇಳುತ್ತಿದ್ದ ಮಾತುಗಳೆಲ್ಲ ಏಕವಚನ: ಬಂದ, ಒದ್ದ, ಬಿದ್ದ. ಹೆಂಗಸರನ್ನು ಏನನ್ನುವುದು? ಪರಿಚಯವಿಲ್ಲದ ಹೆಣ್ಣುಮಗಳನ್ನು ಊರೆಲ್ಲ ಕೇಳುವಂತೆ “ಒದ್ದಳು” ಎಂದರೆ ಹೇಗೆ?

“ಹುಷಾರು,” ಎಂದಳು ಹೆಂಡತಿ. “ನಿಮ್ಮ ಟಿಕೆಟ್ ಕೌಂಟರಿನ ಮೇಡಂನ ಒಂದು ಸಲ ‘ಬಂದಳು’ ಅಂದು ನೋಡಿ, ಮಾರನೇ ದಿನ ನಿಮಗೇ ಟಿಕೆಟ್ ಹರೀತಾರೆ.”

ಅವನು ಗೌರವದ ದಾರಿಯನ್ನೇ ಹಿಡಿದ. ಬಂದರು, ಒದ್ದರು, ಬಿದ್ದರು.

ಭಾನುವಾರ ಆಟ ಶುರುವಾಯಿತು. ಮೊದಲ ಪೆಟ್ಟು ಬಿದ್ದದ್ದು ಅವನ ಲೋಟದ ನೀರಿಗೆ. ಗಂಡಸರ ಪಂದ್ಯದಲ್ಲಿ ಒಬ್ಬನ ಕಾಲಿಗೆ ಕಾಲು ತಾಗಿದರೆ ಅವನು ಹುಲ್ಲಿನ ಮೇಲೆ ಉರುಳಾಡುತ್ತಾನೆ, ಒಂದು ಕಣ್ಣು ಮುಚ್ಚಿ ನರಳುತ್ತಾನೆ, ಇನ್ನೊಂದು ಕಣ್ಣಿನಲ್ಲಿ ರೆಫರಿಯನ್ನು ನೋಡುತ್ತಾನೆ. ಮಿಕ್ಕವರು ರೆಫರಿಯನ್ನು ಸುತ್ತುವರಿದು ವಾದಕ್ಕಿಳಿಯುತ್ತಾರೆ. ಮೈಕಣ್ಣನಿಗೆ ಅದೇ ವಿಶ್ರಾಂತಿ. ಆಗಲೇ ನೀರು, ಆಗಲೇ ಜಾಹೀರಾತು, ಆಗಲೇ ಆಟಗಾರನ ಬಾಲ್ಯದ ಕಥೆ. ಇಲ್ಲಿ ಏಳನೇ ನಂಬರಿನ ಹುಡುಗಿ ಧಡಾರನೆ ಬಿದ್ದದ್ದನ್ನು ನೋಡಿ ಅವನು ಲೋಟಕ್ಕೆ ಕೈ ಹಾಕಿದ. ಲೋಟ ತುಟಿಗೆ ಬರುವಷ್ಟರಲ್ಲಿ ಅವಳು ಎದ್ದು ಚೆಂಡನ್ನು ಆಚೆ ದಾಟಿಸಿಯಾಗಿತ್ತು. ನೀರೆಲ್ಲ ಅಂಗಿಯ ಮೇಲೆ.

ಆಟ ನಿಧಾನ ಎಂದವರು ಯಾರೋ ಎಂದು ಅವನು ಮನಸ್ಸಿನಲ್ಲೇ ಬೈದುಕೊಂಡ. ಆದರೆ ಅವನ ನಾಲಿಗೆ ಆ ಹುಡುಗಿಯರ ಕಾಲಿನಷ್ಟು ಚುರುಕಾಗಿರಲಿಲ್ಲ.

“ಏಳನೇ ನಂಬರಿನವರು ಓಡಿದರು, ಎದುರಾಳಿಗಳು ಬಂದರು, ಅವರು ತಡೆದರು, ಅವರು ಒದ್ದ... ಒದ್ದರು, ಮತ್ತೆ ಅವರು ತಡೆದರು...”

ಯಾರು ಒದ್ದರು, ಯಾರು ತಡೆದರು, ಒಬ್ಬರೋ ಹನ್ನೊಂದು ಜನರೋ, ಅವನಿಗೇ ತಿಳಿಯದಾಯಿತು. ಎದುರಾಳಿಗಳು ಒಂದು ಗೋಲು ಹೊಡೆದಾಗಲೂ ಅದನ್ನು ಯಾವ ಕಡೆಯವರು ಹೊಡೆದದ್ದು ಎಂಬುದು ಕೇಳುಗರಿಗೆ ತಡವಾಗಿ ಗೊತ್ತಾಯಿತು.

ವಿರಾಮದಲ್ಲಿ ಕೇಂದ್ರದ ಫೋನು ಬಡಿದುಕೊಳ್ಳತೊಡಗಿತು. ಮುಖ್ಯಸ್ಥೆ ಗಾಜಿನ ಬಾಗಿಲು ತೆರೆದರು.

“ಒಬ್ಬ ಟ್ಯಾಕ್ಸಿಯವನು ಕೇಳ್ತಾನೆ, ಒಂದು ಚೆಂಡನ್ನ ಎಷ್ಟು ಜನ ಸೇರಿ ಒದ್ರು ಅಂತ. ಇನ್ನೊಬ್ಬ ಇದು ಪಂದ್ಯಾನೋ ಸನ್ಮಾನ ಸಮಾರಂಭಾನೋ ಅಂದ. ಹಾಡು ತೆಗೆದಿಟ್ಟಿದ್ದೀನಿ.”

“ಆಟದ ತಪ್ಪಲ್ಲ ಮೇಡಂ ಇದು. ಆಟ ಚೆನ್ನಾಗಿದೆ.”

“ಅದು ನನಗೆ ಕಾಣುತ್ತೆ. ಅವರಿಗೆ ಕಾಣ್ಬೇಕಲ್ಲ.”

ಅಷ್ಟರಲ್ಲಿ ಫೋನು ಮತ್ತೆ ಸದ್ದು ಮಾಡಿತು. ಎತ್ತಿಕೊಂಡ ಮುಖ್ಯಸ್ಥೆ ಅದನ್ನು ಅವನ ಕೈಗೆ ಕೊಟ್ಟರು. ಅತ್ತೆಯ ದನಿ.

“ಏನು ಅಳಿಯಂದಿರೇ, ಗೌರವ ಕೊಟ್ಟು ಕೊಟ್ಟು ಆಟಾನೇ ಸಾಯಿಸಿಬಿಟ್ರಲ್ಲ?”

“ಹಾಗಲ್ಲ ಅತ್ತೆ, ಹೆಣ್ಣುಮಕ್ಕಳು ಅಂತ...”

“ನಿಮ್ಮನ್ನ ನಾನು ಯಾಕೆ ಬನ್ನಿ ಹೋಗಿ ಅಂತೀನಿ, ಗೊತ್ತಾ? ನೀವು ಹೊರಗಿನವರು ಅಂತ. ನನ್ನ ಹೊಟ್ಟೇಲಿ ಹುಟ್ಟಿದ್ರೆ ಲೋ ಅಂತ ಕರೆದು ಎರಡು ಬಿಡ್ತಿದ್ದೆ. ಆ ಹುಡುಗೀರೇನು ನಿಮಗೆ ಬೀಗರಾ? ಗಂಡುಹುಡುಗರು ಆಡಿದ್ರೆ ಮನೆಮಕ್ಕಳ ಹಾಗೆ ‘ಒದ್ದ, ಬಿದ್ದ’. ಇವರಿಗೆ ಮಾತ್ರ ಕುರ್ಚಿ ಹಾಕಿ ಕೂರಿಸಿದ್ದೀರಿ. ಕೂತವರು ಚೆಂಡು ಒದೆಯೋದು ಹೇಗೆ? ಕಣ್ಣಿಲ್ಲದವಳಿಗೆ ಒಬ್ಬಳೂ ಕಾಣ್ತಿಲ್ಲ ನಿಮ್ಮ ಮಾತಲ್ಲಿ.”

ಫೋನು ಕಟ್ಟಾಯಿತು. ಮೈಕಣ್ಣ ಒದ್ದೆ ಅಂಗಿಯನ್ನು ಎಳೆದುಕೊಂಡು ನೆಟ್ಟಗೆ ನಿಂತ.

“ಮೇಡಂ, ಎರಡನೇ ಅರ್ಧ ಏಕವಚನದಲ್ಲಿ ಹೇಳ್ತೀನಿ.”

“ದೇಶಕ್ಕೆ ಆಡೋ ಹೆಣ್ಣುಮಕ್ಕಳನ್ನ? ದೂರು ಬಂದ್ರೆ?”

“ಗಂಡಸರೂ ದೇಶಕ್ಕೇ ಆಡೋದು. ಇಷ್ಟು ವರ್ಷದಲ್ಲಿ ಯಾವನೂ ದೂರು ಕೊಟ್ಟಿಲ್ಲ.”

ಮುಖ್ಯಸ್ಥೆ ಅವನನ್ನು ಅಳೆಯುವಂತೆ ನೋಡಿದರು. “ಕಾಲು ಗಂಟೆ ಕೊಡ್ತೀನಿ. ನನ್ನ ಕೈ ಹಾಡಿನ ಗುಂಡಿ ಮೇಲೇ ಇರುತ್ತೆ.”

ಶುರುವಿನಲ್ಲಿ ಅವನ ನಾಲಿಗೆ ಹಿಂಜರಿಯಿತು. “ಬಂದಳು,” ಎಂದು ಹೇಳಿ ಗಾಜಿನ ಕಡೆ ಕಳ್ಳನೋಟ ಬೀರಿದ. ಏನೂ ಆಗಲಿಲ್ಲ. “ತಿರುಗಿದಳು. ಕೊಟ್ಟಳು.” ಆಮೇಲೆ ತಿರುಗಿ ನೋಡಲು ಪುರುಸೊತ್ತು ಸಿಗಲಿಲ್ಲ. “ಒದ್ದ” ಎಂಬ ಮಾತು ನೆಲಕ್ಕೆ ಕುಕ್ಕಿ ಅಲ್ಲೇ ನಿಲ್ಲುತ್ತದೆ. “ಒದ್ದಳು” ಎಂದರೆ ಚೆಂಡು ಇನ್ನಷ್ಟು ದೂರ ಉರುಳುತ್ತದೆ. ಅದು ಅವನಿಗೆ ಹೇಳುತ್ತ ಹೇಳುತ್ತಲೇ ಹೊಳೆಯಿತು.

ಗಂಡಸರ ಆಟದಲ್ಲಿ ಒಬ್ಬ ಅರ್ಧ ಮೈದಾನದಿಂದ ಬೀಸಿ ಒದೆಯುತ್ತಾನೆ. ಮೈಕಣ್ಣ ಬಾಯಿ ತೆರೆಯುವಷ್ಟರಲ್ಲಿ ಚೆಂಡು ಎಲ್ಲೋ ಇರುತ್ತದೆ. ಅದರ ರಭಸ ಅದಕ್ಕೆ, ಅದನ್ನು ಅವನು ಅಲ್ಲಗಳೆಯಲಿಲ್ಲ. ಇಲ್ಲಿ ಚೆಂಡು ಕಾಲಿಂದ ಕಾಲಿಗೆ ಹೋಗುತ್ತಿತ್ತು. ಒಬ್ಬಳು ಯೋಚಿಸುವುದು ಕಾಣುತ್ತಿತ್ತು. ಅದು ಇನ್ನೊಬ್ಬಳಿಗೆ ತಿಳಿದದ್ದೂ ಕಾಣುತ್ತಿತ್ತು. ಕಂಡದ್ದನ್ನು ಹೇಳಲು ವ್ಯವಧಾನವಿತ್ತು, ಉಸಿರಾಡಲು ಮಾತ್ರ ಇರಲಿಲ್ಲ. ರೆಫರಿ ಸೀಟಿ ಊದಿದರೆ ಹುಡುಗಿಯರು ಒಂದು ಸಲ ಮುಖ ಸಿಂಡರಿಸಿ ಮತ್ತೆ ಓಟ.

“ಏಳನೆಯವಳ ಹತ್ತಿರ ಚೆಂಡು. ಎದುರಾಳಿ ತಡೆಯೋಕೆ ಬಂದಳು, ಇವಳು ನಿಂತಳು, ಅವಳು ಜಾರಿ ಮುಂದೆ ಹೋದಳು! ಚೆಂಡು ಈಗ ಎಡಗಾಲಲ್ಲೇ ಒದೆಯೋ ಹುಡುಗಿಗೆ, ನಮ್ಮ ಎಡಗಾಲಿನವಳಿಗೆ. ನೋಡ್ತಿದ್ದಾಳೆ, ನೋಡ್ತಿದ್ದಾಳೆ, ಒದ್ದಳು...”

ಈ ಒದೆತ ಅವನ ವಾಕ್ಯವನ್ನು ಹಿಂದೆ ಹಾಕಿತು. ಬಲೆ ಅಲುಗಿದ ಮೇಲೆ ಅವನು “ಗೋಲು” ಎಂದ, ಕೂಗಿದ, ಕೂಗುತ್ತಲೇ ಇದ್ದ. ಗಾಜಿನ ಆಚೆ ಮುಖ್ಯಸ್ಥೆ ಎರಡೂ ಕೈಯೆತ್ತಿ ಎದ್ದು ನಿಂತಿದ್ದರು. ಹಾಡಿನ ಗುಂಡಿಯ ಮೇಲೆ ಯಾರ ಕೈಯೂ ಇರಲಿಲ್ಲ.

ಮುಗಿಯುವ ಹೊತ್ತಿಗೆ ಎದುರಾಳಿಗಳು ಮತ್ತೊಂದು ಗೋಲು ಹೊಡೆದು ಗೆದ್ದರು. ಕೊನೆಯ ಗಳಿಗೆಯಲ್ಲಿ ಎಡಗಾಲಿನವಳು ತಾನೇ ಒದ್ದ ಚೆಂಡು ಬಲೆಯ ಆಚೆ ಹೋಗಿತ್ತು. ಫೋನು ಮಾಡಿದ ನಿವೃತ್ತ ಮೇಷ್ಟರೊಬ್ಬರು ಹೆಣ್ಣುಮಕ್ಕಳಿಗೆ ಗೌರವ ಕೊಡುವುದು ನಿಮ್ಮಲ್ಲಿ ರೂಢಿಯಿಲ್ಲವೇ ಎಂದು ಕೇಳಿದರು. “ಗಂಡಸರಿಗೆ ಕೊಡೋವಷ್ಟೇ ಕೊಟ್ಟಿದ್ದೀವಿ ಸಾರ್,” ಎಂದು ಮುಖ್ಯಸ್ಥೆ ಫೋನಿಟ್ಟು ಮೈಕಣ್ಣನ ಕಡೆ ತಿರುಗಿದರು. “ಮುಂದಿನ ಭಾನುವಾರ ಮೂರನೇ ಸ್ಥಾನದ ಪಂದ್ಯ ಇದೆ. ಬೇಗ ಬನ್ನಿ.”

ಅವನು ಮನೆ ತಲುಪಿದಾಗ ಅತ್ತೆ ರೇಡಿಯೊ ಪಕ್ಕದಲ್ಲೇ ಕುಳಿತಿದ್ದರು. ಶಹಭಾಸ್ ಎನ್ನಲಿಲ್ಲ.

“ಆ ಎಡಗಾಲಿನವಳು ಕೊನೇಲಿ ಚೆಂಡು ಯಾಕೆ ಬಿಟ್ಟುಕೊಡಲಿಲ್ಲ? ಬಲಗಡೆ ಒಬ್ಬಳು ಒಂಟಿಯಾಗಿ ನಿಂತಿದ್ದಾಳೆ ಅಂದ್ರಿ.”

“ನಿಂತಿದ್ದಳು ಅತ್ತೆ.”

“ಮತ್ತೆ?”

“ತಾನೇ ಹೊಡೀಬೇಕು ಅಂತ ಆಸೆ.”

“ದುರಾಸೆ ಅನ್ನಿ. ಅವಳಿಂದಲೇ ಸೋತಿದ್ದು.”

“ಅವಳಿಂದಲೇ ಗೋಲು ಬಂದಿದ್ದೂ.”

“ಒಂದು ಹೊಡೆದರೆ ತಲೆ ಮೇಲೆ ಕೂತ್ಕೋಬೇಕಾ?”

ಹೆಂಡತಿ ತಟ್ಟೆ ಇಟ್ಟಳು. ಊಟ ಆರಿತು. ಕಂಡೇ ಇರದ ಆ ಹುಡುಗಿಯನ್ನು ಅತ್ತೆ ಇನ್ನೂ ಬೈಯುತ್ತಿದ್ದರು. ಮೈಕಣ್ಣ ಎಂಜಲು ಕೈ ಒಣಗಿಸಿಕೊಂಡು ಅವಳ ಪರ ವಾದಿಸುತ್ತಿದ್ದ.