ಸನ್ಮಾನ ಬೇಡವೆಂದ ವಿನಯಾ

ಕುಂದಾಪುರದ ಹತ್ತಿರದ ಹಾಲಾಡಿಯ ವಿನಯಾಗೆ ಹುಟ್ಟಿನಿಂದ ಕಾಲಿಗೆ ಬಲವಿಲ್ಲ. ಆ ಎರಡು ಕಾಲಿನ ಬಲವನ್ನೂ ದೇವರು ಬಾಯಿಗೇ ಸೇರಿಸಿ ಕೊಟ್ಟಿದ್ದಾನೆಂದು ಅವಳ ಅಮ್ಮ ಹೇಳುವುದುಂಟು. ಊರಿನವರು ಕೊಟ್ಟದ್ದು ಶಾಲು. ಹತ್ತನೇ ತರಗತಿ ಪಾಸಾದಳೆಂದು ಸನ್ಮಾನ, ಡಿಗ್ರಿ ಮುಗಿಸಿದಳೆಂದು ಸನ್ಮಾನ, ಏನೂ ಮಾಡದೆ ಮನೆಯಲ್ಲಿ ಕೂತಿದ್ದಾಗಲೂ ಒಂದು ಸನ್ಮಾನ. ಅವಳಿಗಿಂತ ಹೆಚ್ಚು ಅಂಕ ತೆಗೆದ ತಂಗಿಯನ್ನು ಯಾರೂ ವೇದಿಕೆಗೆ ಕರೆಯಲಿಲ್ಲ. ಈಗ ಆ ಮನೆಯಲ್ಲಿ ಮಿಕ್ಸಿಗೂ ಶಾಲು, ಟಿವಿಗೂ ಶಾಲು, ಮಳೆಗಾಲದಲ್ಲಿ ಕರುವಿಗೂ ಶಾಲು. ಕೆಲಸ ಕೊಡುತ್ತೇನೆಂದು ಬಂದ ಪುಣ್ಯಾತ್ಮ ಒಬ್ಬನೂ ಇಲ್ಲ.

ಹಾಗಾಗಿ ಅವಳೇ ಒಂದು ಕೆಲಸ ಹುಟ್ಟಿಸಿಕೊಂಡಳು. ಆನ್‌ಲೈನಿನಲ್ಲಿ ಪರಿಚಯವಾದ ಪೋರ್ಚುಗಲ್‌ನ ಯುವಜನರ ತಂಡವೊಂದರ ಜೊತೆ ಸೇರಿ ಶಿಬಿರ ಯೋಜಿಸಿದಳು. ಅಲ್ಲಿಂದ ಹತ್ತು ಜನ ಬರುವುದು, ಇಲ್ಲಿಯ ಹತ್ತು ಜನ ಸೇರುವುದು. ಎರಡೂ ಕಡೆ ಅರ್ಧದಷ್ಟು ಮಂದಿ ಕಣ್ಣು ಕಾಣದವರು, ಕಿವಿ ಕೇಳದವರು, ಗಾಲಿಕುರ್ಚಿಯವರು. ಎಲ್ಲರೂ ಕೂಡಿ ಒಂದು ವಾರದೊಳಗೆ ನಾಟಕ ಕಟ್ಟುವುದು. ಆತಿಥ್ಯಕ್ಕೆ ಊರಿನ ಯುವಕ ಮಂಡಲ ಒಪ್ಪಿತು. ನಡೆಸುವವಳು ತಾನೇ ಎಂದು ವಿನಯಾ ನಂಬಿದ್ದಳು. ಇಷ್ಟು ಆಸೆಯಿಂದ ಅವಳು ಬೇರೆ ಯಾವುದಕ್ಕೂ ಕಾದದ್ದಿಲ್ಲ.

ಮಂಡಲದ ಅಧ್ಯಕ್ಷ ರತ್ನಾಕರ ಒಳ್ಳೆಯ ಮನುಷ್ಯ, ಆದರೆ ಯಾರನ್ನೂ ಕೇಳಿ ಮಾಡುವ ಅಭ್ಯಾಸವಿಲ್ಲ. ಯೋಜನೆಯ ಸಭೆಯ ದಿನ ಅವನೇ ಫೋನು ಮಾಡಿದ.

“ಮಗಾ, ನೀನ್ ಬಪ್ಪುದ್ ಬ್ಯಾಡ. ಆಫೀಸ್ ಮಾಳ್ಗಿ ಮೇಲಿತ್ತಲ್ದಾ, ನಿಂಗೆ ಮೆಟ್ಲ್ ಹತ್ತುಕೆ ಆತ್ತಿಲ್ಲೆ. ನಮ್ ಪ್ರಖ್ಯಾತ ಎಲ್ಲ ಕಾಣ್ಕಂತ. ಉದ್ಘಾಟ್ನಿ ದಿನ ನಿಂಗೊಂದ್ ಸನ್ಮಾನ ಇತ್ತ್!”

ಪ್ರಖ್ಯಾತ್ ರತ್ನಾಕರನ ಅಕ್ಕನ ಮಗ. ಅವನ ಅರ್ಹತೆಯೆಂದರೆ ಎರಡು ಕಾಲು ಮತ್ತು ಒಂದು ಬುಲೆಟ್ ಬೈಕು.

ವಿನಯಾಗೆ ಮೈಯೆಲ್ಲ ಉರಿಯಿತು. ರಿಕ್ಷಾ ಹಿಡಿದು ಹೊರಟೇಬಿಟ್ಟಳು. ಮಂಡಲದ ಕಟ್ಟಡದ ಕೆಳಗೆ ಮುತ್ತುವಿನ ಹಿಟ್ಟಿನ ಗಿರಣಿ, ಪಕ್ಕದಲ್ಲಿ ಮೆಟ್ಟಿಲು. ಕೆಳಗಿನಿಂದಲೇ ಕೂಗಿದಳು: “ಹ್ವಾಯ್!”

ಮೇಲಿನಿಂದ ಐದಾರು ತಲೆಗಳು ಇಣುಕಿದವು. ಹುಡುಗರು ಅವಳನ್ನು ಎತ್ತಿಕೊಂಡು ಹೋಗಲು ಅಂಗಿಯ ತೋಳು ಮಡಚುತ್ತ ಓಡಿಬಂದರು.

“ಮುಟ್ಬೇಡಿ. ನಾ ಮೇಲ್ ಬತ್ತಿಲ್ಲೆ, ನೀವೆಲ್ಲ ಕೆಳ್ಗ್ ಬನಿ.”

ಸಭೆ ಗಿರಣಿಯೊಳಗೆ ನಡೆಯಿತು. ಗಿರಣಿ ನಿಲ್ಲಿಸಲು ಮುತ್ತು ಒಪ್ಪಲಿಲ್ಲ. ಎಲ್ಲರೂ ಕಿರುಚಿಯೇ ಮಾತಾಡಿದರು, ಸ್ವಲ್ಪ ಹೊತ್ತಿಗೆ ಇಡೀ ಸಮಿತಿ ಅಕ್ಕಿಹಿಟ್ಟು ಮೆತ್ತಿಕೊಂಡು ಬೆಳ್ಳಗಾಯಿತು. ಚೆಂಡೆ, ಪೂರ್ಣಕುಂಭ, ಪೇಟ, ಹಣ್ಣಿನ ಬುಟ್ಟಿ ಎಲ್ಲ ಆಗಲೇ ನಿಗದಿಯಾಗಿತ್ತು. ಉಳಿದುಕೊಳ್ಳುವಲ್ಲಿ ಕಕ್ಕಸಿನ ಬಾಗಿಲಲ್ಲಿ ಗಾಲಿಕುರ್ಚಿ ಹಿಡಿಸುತ್ತದೆಯೇ ಎಂದು ವಿನಯಾ ಕೇಳಿದಳು.

“ಅದ್ಕೆಂತ, ನಮ್ ಹುಡ್ಗ್ರ್ ಎತ್ಕಂಡ್ ಹೋತ್ರ್!” ಎಂದ ರತ್ನಾಕರ.

“ರತ್ನಾಕರಣ್ಣ, ನಿಮ್ಮನ್ನ್ ಯಾರಾರೂ ಕಕ್ಕಸಿಗ್ ಎತ್ಕಂಡ್ ಹೋಯಿರಾ? ನಾಳಿಂದ ಪ್ರಖ್ಯಾತಂಗ್ ಹೇಳ್ತೆ, ದಿನಾ ಎತ್ಕಂಡ್ ಹೋಯ್ಲಿ.”

ಗಿರಣಿಯ ಸದ್ದನ್ನೂ ಮೀರಿ ನಗು ಎದ್ದಿತು. ಬಿಳಿ ಮುಖದಲ್ಲಿ ರತ್ನಾಕರನ ಕಿವಿಗಳು ಮಾತ್ರ ಕೆಂಪಾದವು.

“ನಂಗ್ ಶಾಲ್ ಬ್ಯಾಡ,” ಎಂದಳು ವಿನಯಾ. “ನಾ ಕಟ್ಟಿದ್ ಶಿಬಿರ ಇದ್. ನಾನೇ ನಡ್ಸ್ಕ್. ಇಲ್ದಿರೆ ಬಪ್ಪುದ್ ಬ್ಯಾಡ ಅಂತ ಅವ್ರಿಗೆ ಇವತ್ತೇ ಹೇಳ್ತೆ.”

“ಕಾರ್ಡ್ ಪ್ರಿಂಟಿಗ್ ಹೋಯ್ತ್ ಮರಾಯ್ತಿ! ಸನ್ಮಾನ ಅಂದ್ಮೇಲೆ ಯಾರಿಗಾರೂ ಮಾಡ್ಕಲ್ದಾ?” ಎಂದ ರತ್ನಾಕರ.

“ಪ್ರಖ್ಯಾತಂಗ್ ಮಾಡಿ.”

ಹಾಗೇ ಆಯಿತು. ನಮ್ಮ ಕಡೆ ಬೇಕಾದರೆ ಮದುವೆ ಮುಂದಕ್ಕೆ ಹೋದೀತು, ಸನ್ಮಾನ ಹೋಗುವುದಿಲ್ಲ. ಉದ್ಘಾಟನೆಯ ದಿನ ಪ್ರಖ್ಯಾತ್ ಪೇಟ ಸುತ್ತಿಸಿಕೊಂಡು, ಯಾವ ಸಾಧನೆಗೆಂದು ತನಗೂ ತಿಳಿಯದೆ, ಹಣ್ಣಿನ ಬುಟ್ಟಿ ಹಿಡಿದು ವೇದಿಕೆಯಲ್ಲಿ ಕೂತಿದ್ದ. ಶಿಬಿರ ವಿನಯಾಳ ಕೈಯಲ್ಲಿತ್ತು. ಇಳಿಜಾರು, ಅಗಲದ ಬಾಗಿಲು, ಸನ್ನೆಭಾಷೆ ಬಲ್ಲವರು, ಎಲ್ಲ ಸರಿಯಾಗಿತ್ತು.

ಊಟವೊಂದು ಬಿಟ್ಟು. ಮೆಟ್ಟಿಲಿಲ್ಲದ ಊಟದ ಹಾಲ್ ಹುಡುಕಿ ಹುಡುಕಿ ಸುಸ್ತಾದವಳು, ಸಿಕ್ಕಿದ್ದೇ ಪುಣ್ಯವೆಂದು ಅಡುಗೆ ಭಟ್ಟರೊಬ್ಬರ ಹಾಲ್ ಗೊತ್ತುಮಾಡಿದ್ದಳು. ಅಲ್ಲಿ ಮೀನು ಹೊಸ್ತಿಲು ದಾಟುವ ಹಾಗಿಲ್ಲ. ಅದು ಅವಳ ತಲೆಗೇ ಹೊಳೆದಿರಲಿಲ್ಲ. ಕುಂದಾಪುರದ ಮೀನಿನ ವರ್ಣನೆಯನ್ನು ತಿಂಗಳುಗಟ್ಟಲೆ ಅವಳ ಬಾಯಿಂದಲೇ ಕೇಳಿ ಬಂದ ಪೋರ್ಚುಗೀಸರ ಎಲೆಗೆ ಹುಳಿ, ಪಲ್ಯ, ಪಾಯಸ ಬಿದ್ದವು. ಕಣ್ಣು ಕಾಣದ ಹುಡುಗನೊಬ್ಬ ಎಲೆಯ ಮೂಲೆಮೂಲೆಗೂ ಬೆರಳಾಡಿಸಿ ಮೀನು ಹುಡುಕಿದ.

ರತ್ನಾಕರ ಎಲ್ಲರೆದುರೇ ಅವಳ ಮೇಲೆ ಹರಿಹಾಯ್ದ.

“ಎಂತ ನಿನ್ ವ್ಯವಸ್ಥಿ ಮರಾಯ್ತಿ? ಕುಂದಾಪ್ರಕ್ ಕರ್ಸಿ ಮೀನಿಲ್ದೆ ಉಂಬುಕೆ ಹಾಕುದಾ? ಊರಿನ್ ಮರ್ಯಾದಿ ತೆಗ್ದಿಯಲ್ದಾ! ತಲಿ ಇತ್ತಾ ನಿಂಗೆ?”

ವಿನಯಾಳ ಕಣ್ಣು ತುಂಬಿತು. ಹುಟ್ಟಿದಂದಿನಿಂದ ಆ ಊರಿನಲ್ಲಿ ಅವಳಿಗೆ ಯಾರೂ ಬೈದಿರಲಿಲ್ಲ. ಪಾಪ ಎನ್ನುತ್ತಿದ್ದರು, ತಲೆ ಸವರುತ್ತಿದ್ದರು. ಕೆಲಸ ಕೆಡಿಸಿದೆಯೆಂದು ಬೈಸಿಕೊಳ್ಳಬೇಕಾದರೆ ಮೊದಲು ಕೆಲಸ ಕೈಯಲ್ಲಿರಬೇಕಲ್ಲ. ನಾಚಿಕೆಯಾಯಿತು, ಅದರ ಜೊತೆಗೇ ಎಂದೂ ಆಗದಷ್ಟು ಖುಷಿಯೂ ಆಯಿತು.

“ತಪ್ಪಾಯ್ತ್. ರಾತ್ರಿಗ್ ಬಂಗ್ಡಿ ಮೀನ್ ಹುರ್ಸ್ತೆ,” ಎಂದು ಕಣ್ಣೊರೆಸಿಕೊಂಡಳು. “ಈಗ ಬೈದದ್ ಸಾಕ್. ಆ ಕಡಿ ಪಂಕ್ತಿಗ್ ಪಾಯ್ಸ ಬರ್ಲಿಲ್ಲೆ, ಹೋಯಿ ಬಡ್ಸಿ.”

ಅಧ್ಯಕ್ಷ ರತ್ನಾಕರ ಗೊಣಗುತ್ತ ಸೌಟು ಹಿಡಿದು ಹೊರಟ.